ಶುಗರ್ ಗ್ಲೈಡರ್ ಊಟದಲ್ಲಿ ಏನೋ ಸರಿಯಿಲ್ಲ: ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ಶುಗರ್ ಗ್ಲೈಡರ್ ಅಂದರೆ ಮರದಿಂದ ಮರಕ್ಕೆ ತೇಲಿ ಹಾರುವ, ಹೊಟ್ಟೆಚೀಲದ ಪುಟ್ಟ ಪ್ರಾಣಿ. ಅದನ್ನು ಸಾಕಿದ ಮನೆಗಳಲ್ಲಿ ಕಾಣುವ ಕಾಯಿಲೆಗಳಲ್ಲಿ ಬಹುಪಾಲು ಊಟದ ಬಟ್ಟಲಿನಿಂದಲೇ ಶುರುವಾಗುತ್ತವೆ. ಅಂಗಡಿಯಲ್ಲಿ ಕೊಡುವಾಗ "ಹಣ್ಣು ತಿನ್ನುತ್ತೆ, ಏನು ಕೊಟ್ಟರೂ ನಡೆಯುತ್ತೆ" ಅಂತ ಹೇಳಿ ಕಳಿಸಿರುತ್ತಾರೆ. ಮನೆಯವರು ಪ್ರೀತಿಯಿಂದಲೇ ಬಾಳೆಹಣ್ಣು, ಸೇಬು, ದ್ರಾಕ್ಷಿ ಹೆಚ್ಚಿಡುತ್ತಾರೆ. ಪ್ರಾಣಿ ಖುಷಿಯಿಂದ ತಿನ್ನುತ್ತದೆ. ಕೆಲವು ತಿಂಗಳು ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ರಾತ್ರಿ ಅದಕ್ಕೆ ಪಂಜರದ ಸರಳು ಹತ್ತಲು ಆಗುವುದಿಲ್ಲ.

ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕಾಡಿನಲ್ಲಿ ಇದರ ಮುಖ್ಯ ಊಟ ಹಣ್ಣಲ್ಲ. ನೀಲಗಿರಿ ಜಾತಿಯ ಮರಗಳ ರಸ, ಅಕೇಶಿಯಾ ಮರದ ಅಂಟು, ಹೂವಿನ ಮಕರಂದ, ಪರಾಗ, ಜೊತೆಗೆ ಹುಳ ಮತ್ತು ಜೇಡ. ಸಿಹಿ ಇದೆ, ಆದರೆ ಆ ಸಿಹಿಯ ಜೊತೆ ಪ್ರೋಟೀನೂ ಖನಿಜವೂ ಸಿಗುತ್ತವೆ. ನಮ್ಮ ಹಣ್ಣಿನ ಬುಟ್ಟಿಯಲ್ಲಿ ಸಿಗುವುದು ಸಿಹಿ ಮಾತ್ರ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತವೆ.

ಪ್ರತಿ ಲಕ್ಷಣದ ಕೆಳಗೆ ಮನೆಯಲ್ಲೇ ಖರ್ಚಿಲ್ಲದೆ ನೋಡಬಹುದಾದದ್ದು ಮೊದಲು ಬರುತ್ತದೆ. ಕಷ್ಟದ್ದು, ಡಾಕ್ಟರ್ ಮಾಡಬೇಕಾದದ್ದು ಆಮೇಲೆ.

ಇವು ಕಂಡರೆ ಓದುತ್ತಾ ಕೂರಬೇಡಿ

- ಹಿಂಗಾಲು ಎಳೆಯುವುದು, ಇದ್ದಕ್ಕಿದ್ದಂತೆ ಹಿಡಿತ ತಪ್ಪಿ ಬೀಳುವುದು
- ಮೈ ನಡುಗುವುದು, ಸೆಟೆದುಕೊಳ್ಳುವುದು, ಫಿಟ್ಸ್ ಬರುವುದು
- ಒಂದು ಇಡೀ ರಾತ್ರಿ ಏನೂ ಮುಟ್ಟದೆ, ಮರುದಿನವೂ ಮಂಕಾಗಿರುವುದು
- ಭೇದಿಯ ಜೊತೆ ಕಣ್ಣು ಒಳಗೆ ಹೋಗಿರುವುದು, ಬಾಯಿ ಒಣಗಿರುವುದು
- ಮಲದಲ್ಲಿ ರಕ್ತ
- ಮೂಗಿನ ತುದಿ, ವಸಡು ಬಿಳಿಚಿರುವುದು
- ಬಾಯಿ ತೆರೆದು ಕಷ್ಟಪಟ್ಟು ಉಸಿರಾಡುವುದು

ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು. ನೂರು ಗ್ರಾಂ ಆಸುಪಾಸು ತೂಗುವ ಪ್ರಾಣಿ ಇದು. "ನಾಳೆ ನೋಡೋಣ" ಅನ್ನುವಷ್ಟು ದಾಸ್ತಾನು ಅದರ ಮೈಯಲ್ಲಿರುವುದಿಲ್ಲ. ನಾಯಿ, ಬೆಕ್ಕು ನೋಡುವ ಎಲ್ಲಾ ಡಾಕ್ಟರಿಗೂ ಗ್ಲೈಡರ್ ಗೊತ್ತಿರುವುದಿಲ್ಲ. ಹಕ್ಕಿ, ಮೊಲ, ಆಮೆಯಂಥ ಎಕ್ಸಾಟಿಕ್ ಪ್ರಾಣಿಗಳನ್ನು ನೋಡುವವರು ನಿಮ್ಮ ಊರಿನಲ್ಲಿ ಯಾರಿದ್ದಾರೆ, ರಾತ್ರಿ ಸಿಗುತ್ತಾರಾ ಅಂತ ಪ್ರಾಣಿ ಚೆನ್ನಾಗಿರುವಾಗಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.

ಮೊದಲ ಎರಡು ಸಾಧನ: ತಕ್ಕಡಿ ಮತ್ತು ಬೆಳಗಿನ ಬಟ್ಟಲು

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಗ್ಲೈಡರ್ ಮಲಗುವ ಬಟ್ಟೆ ಚೀಲವನ್ನು ಖಾಲಿ ತೂಗಿ ಬರೆದಿಟ್ಟುಕೊಳ್ಳಿ. ಹಗಲು ಅದು ನಿದ್ದೆಯಲ್ಲಿದ್ದಾಗ ಚೀಲದ ಸಮೇತ ತೂಗಿ ಕಳೆಯಿರಿ. ವಾರಕ್ಕೊಮ್ಮೆ ಸಾಕು, ಕಾಯಿಲೆ ಇದ್ದರೆ ದಿನಾ. ವಯಸ್ಕ ಗ್ಲೈಡರ್ ಸಾಮಾನ್ಯವಾಗಿ 90ರಿಂದ 160 ಗ್ರಾಂ ಒಳಗಿರುತ್ತದೆ, ಗಂಡು ಸ್ವಲ್ಪ ದೊಡ್ಡದು. ಬೇರೆಯವರ ಗ್ಲೈಡರ್ ಎಷ್ಟಿದೆ ಅನ್ನುವುದು ಮುಖ್ಯವಲ್ಲ. ನಿಮ್ಮದರ ತೂಕ ಹತ್ತರಲ್ಲಿ ಒಂದು ಪಾಲು ಇಳಿದಿದೆಯಾ ನೋಡಿ. 120 ಗ್ರಾಂ ಇದ್ದದ್ದು 108ಕ್ಕೆ ಬಂದರೆ ಕಣ್ಣಿಗೆ ಕಾಣುವುದೇ ಇಲ್ಲ, ತಕ್ಕಡಿಗೆ ಕಾಣುತ್ತದೆ.

ಇನ್ನು ಬಟ್ಟಲು. ರಾತ್ರಿ ಇಟ್ಟಿದ್ದರಲ್ಲಿ ಬೆಳಗ್ಗೆ ಏನು ಉಳಿದಿದೆ ಅಂತ ಬೆರಳಿನಲ್ಲಿ ಕೆದಕಿ ನೋಡಿ. ಒಣಗಿದ ಸಣ್ಣ ಉಂಡೆಗಳು ಸಿಗುತ್ತವೆ, ಒಂದು ಪಕ್ಕ ಚಪ್ಪಟೆ, ಮೇಲೆ ಹಲ್ಲಿನ ಗುರುತು. ಗ್ಲೈಡರ್ ಹಣ್ಣನ್ನು ಅಗಿದು, ರಸ ಹೀರಿ, ನಾರನ್ನು ಅಂಗುಳಿಗೆ ಒತ್ತಿ ಉಗುಳಿದ ಸಿಪ್ಪೆ ಅದು. ಇದು ಕಾಯಿಲೆ ಅಲ್ಲ. ಕಾಡಿನಲ್ಲೂ ಅದು ತಿನ್ನುವುದು ಹೀಗೇ. ಬಟ್ಟಲಲ್ಲಿ ಇಂಥ ಉಂಡೆ ತುಂಬಿದ್ದರೆ ಅದು ತಿಂದಿದೆ ಅಂತ ಅರ್ಥ, "ಹಾಗೇ ಬಿಟ್ಟಿದೆ" ಅಂದುಕೊಳ್ಳಬೇಡಿ. ಹೆಚ್ಚಿದ ಚೂರು ಹಾಗ್ಹಾಗೇ, ಅಂಚು ಚೂಪಾಗಿಯೇ ಇದ್ದರೆ ಮಾತ್ರ ಮುಟ್ಟಿಲ್ಲ ಅಂತ ಅರ್ಥ.

ಒಂದು ಗ್ಲೈಡರ್ ದಿನಕ್ಕೆ ತನ್ನ ಮೈತೂಕದ ಶೇ 15ರಿಂದ 20ರಷ್ಟು ತಿನ್ನುತ್ತದೆ. ಅಂದರೆ 100 ಗ್ರಾಂ ಪ್ರಾಣಿಗೆ ಎಲ್ಲಾ ಸೇರಿ 15ರಿಂದ 20 ಗ್ರಾಂ. ಎಷ್ಟೋ ಮನೆಯಲ್ಲಿ ಬಟ್ಟಲಿಗೆ ಇದರ ಮೂರು ಪಟ್ಟು ಬೀಳುತ್ತದೆ. ಹಾಗೆ ಬಿದ್ದಾಗ ಏನಾಗುತ್ತದೆ ಅನ್ನುವುದೇ ಮುಂದಿನ ಲಕ್ಷಣ.

ಲಕ್ಷಣ: ಸಿಹಿಯನ್ನು ಆರಿಸಿ ತಿಂದು ತರಕಾರಿ ಬಿಡುತ್ತದೆ

ತಿನ್ನುವುದಕ್ಕಿಂತ ಜಾಸ್ತಿ ಇಟ್ಟರೆ ಅದು ಆರಿಸುತ್ತದೆ. ಮೊದಲು ಮಾವು, ಬಾಳೆ ಖಾಲಿ. ಹೊಟ್ಟೆ ತುಂಬಿತು. ಹುರುಳಿಕಾಯಿ ಹಾಗೇ ಉಳಿಯಿತು. ನೀವು ಬಟ್ಟಲಿಗೆ ಹಾಕಿದ ಊಟ ಸಮತೋಲನದ್ದೇ ಇರಬಹುದು, ಅದರ ಹೊಟ್ಟೆಗೆ ಹೋದದ್ದು ಅಲ್ಲ.

ಮೊದಲು ಪ್ರಮಾಣ ಇಳಿಸಿ. ಹಣ್ಣು ಒಂದು ಟೇಬಲ್ ಚಮಚ, ತರಕಾರಿ ಒಂದು ಟೇಬಲ್ ಚಮಚಕ್ಕಿಂತ ಹೆಚ್ಚು ಒಂದು ಪ್ರಾಣಿಗೆ ಬೇಡ. ಇದಕ್ಕೆ ದುಡ್ಡು ಬೇಕಿಲ್ಲ, ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಅಷ್ಟೇ.

ಅದಕ್ಕೂ ಬಗ್ಗದಿದ್ದರೆ ಚೂರಿನ ಗಾತ್ರ ಬದಲಿಸಿ. ಹಣ್ಣು, ತರಕಾರಿ ಎರಡನ್ನೂ ತುರಿದು ಅಥವಾ ಮಿಕ್ಸಿಯಲ್ಲಿ ತರಿತರಿಯಾಗಿ ತಿರುವಿ ಒಟ್ಟಿಗೆ ಕಲಸಿ. ಆರಿಸಲು ಬಿಡಿ ಚೂರೇ ಇರುವುದಿಲ್ಲ. ಒಂದು ವಾರದ್ದನ್ನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ರಾತ್ರಿಗೊಂದು ತುಂಡು ತೆಗೆದು ಕರಗಿಸಿದರೆ ಆಯಿತು. ನನ್ನ ಪ್ರಕಾರ ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದಣಿದು ಬಂದ ರಾತ್ರಿ "ಇವತ್ತೊಂದಿನ ಬಾಳೆಹಣ್ಣು ಸಾಕು" ಅನ್ನುವ ಆಸೆ ಹುಟ್ಟುವುದಿಲ್ಲ.

ಗೆಣಸು, ಕ್ಯಾರೆಟ್, ಸಿಹಿಗುಂಬಳವನ್ನು ಉಪ್ಪು ಹಾಕದೆ ಆವಿಯಲ್ಲಿ ಸ್ವಲ್ಪ ಬೇಯಿಸಿದರೆ ಮೊಂಡು ಗ್ಲೈಡರ್ ಕೂಡ ಒಪ್ಪುತ್ತದೆ. ಹಸಿವಿಗೆ ಕೆಡವಿ ಪಾಠ ಕಲಿಸಲು ಮಾತ್ರ ಹೋಗಬೇಡಿ. ಹೊಸ ಊಟ ಮುಟ್ಟದೆ ಒಂದು ರಾತ್ರಿ ಕಳೆದರೆ ಮರುದಿನ ಹಳೆಯದನ್ನು ಕೊಡಿ, ಹೊಸದನ್ನು ಇನ್ನೂ ನಿಧಾನವಾಗಿ ಬೆರೆಸಿ.

ಲಕ್ಷಣ: ಹಿಂಗಾಲು ಎಳೆಯುತ್ತದೆ, ಹತ್ತಲು ಆಗುತ್ತಿಲ್ಲ, ಮೈ ನಡುಗುತ್ತದೆ

"ನಿನ್ನೆ ತನಕ ಚೆನ್ನಾಗಿತ್ತು" ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಕಾಣುತ್ತದೆ ನಿಜ. ಆದರೆ ಒಳಗೆ ಮೂಳೆ ಖಾಲಿಯಾಗುತ್ತಾ ಬಂದು ತಿಂಗಳುಗಳಾಗಿರುತ್ತವೆ.

ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟದಲ್ಲಿ ಇರಲೇಬೇಕು. ಇಲ್ಲದಿದ್ದರೆ ನರ, ಸ್ನಾಯು, ಹೃದಯ ಕೆಲಸ ಮಾಡುವುದಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದು ಫಾಸ್ಫರಸ್ ಜಾಸ್ತಿ ಇದ್ದರೆ ಕತ್ತಿನ ಹತ್ತಿರದ ಪ್ಯಾರಾಥೈರಾಯ್ಡ್ ಗ್ರಂಥಿ ಚುರುಕಾಗುತ್ತದೆ. ಅದು ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಬಿಡುತ್ತದೆ. ದಿನಾ ಹೀಗೇ ಆದರೆ ಮೂಳೆ ತೆಳುವಾಗಿ, ಮೆತ್ತಗಾಗಿ, ಸಣ್ಣ ಜಿಗಿತಕ್ಕೂ ಮುರಿಯುತ್ತದೆ. ಬೆನ್ನುಮೂಳೆ, ಸೊಂಟ, ತೊಡೆಮೂಳೆಗೆ ಪೆಟ್ಟು ಹೆಚ್ಚು. ಅದಕ್ಕೇ ಹಿಂಗಾಲು ಮೊದಲು ಸೋಲುತ್ತದೆ. ಮೂಳೆಯೂ ಪೂರೈಸಲಾರದ ಹಂತ ಬಂದಾಗ ನಡುಕ, ಫಿಟ್ಸ್ ಶುರುವಾಗುತ್ತವೆ.

ಈಗ ಮಾಡಬೇಕಾದದ್ದು: ಪಂಜರದಿಂದ ತೆಗೆದು ಹತ್ತಲು ಆಗದ, ತಗ್ಗಾದ, ಮೆತ್ತನೆ ಬಟ್ಟೆ ಹಾಸಿದ ಡಬ್ಬಿಯಲ್ಲಿಡಿ. ಗಾಳಿಗೆ ತೂತು ಇರಲಿ. ಬೆಚ್ಚಗಿರಲಿ. ಕಾಲು ಹಿಡಿದು ಎಳೆದು, ನೀವಿ ನೋಡಬೇಡಿ, ಮೂಳೆ ಆಗಲೇ ಬಿರುಕು ಬಿಟ್ಟಿರಬಹುದು. ಮನೆಯಲ್ಲಿರುವ ಮನುಷ್ಯರ ಕ್ಯಾಲ್ಸಿಯಂ ಮಾತ್ರೆ ಪುಡಿ ಮಾಡಿ ಅಂದಾಜಿನಲ್ಲಿ ಕುಡಿಸಬೇಡಿ. ಡಾಕ್ಟರ್ ಎಕ್ಸ್‌ರೇ ತೆಗೆದು, ಅಗತ್ಯವಿದ್ದರೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುತ್ತಾರೆ. ಬೇಗ ಹೋದರೆ ಎಷ್ಟೋ ಗ್ಲೈಡರ್‌ಗಳು ಮತ್ತೆ ನಡೆಯುತ್ತವೆ. ತಡವಾದರೆ ಆ ಅವಕಾಶ ಕಡಿಮೆ. ಬಿದ್ದು ಪೆಟ್ಟಾಗಿದ್ದರೂ ಇದೇ ಲಕ್ಷಣ ಕಾಣಬಹುದು, ಎರಡನ್ನೂ ಬೇರೆ ಮಾಡಿ ಹೇಳಲು ಎಕ್ಸ್‌ರೇ ಬೇಕೇ ಬೇಕು.

ಇನ್ನು ಕಾಲು ಸೋತಿಲ್ಲ, ಆದರೆ ನಿಮಗೆ ಅನುಮಾನ ಬಂದಿದೆ ಅಂತಿಟ್ಟುಕೊಳ್ಳಿ. ಮೊದಲಿನಷ್ಟು ಜಿಗಿಯುತ್ತಿಲ್ಲ, ಇಳಿಯುವಾಗ ತಡವರಿಸುತ್ತದೆ, ಕೆಳಗೇ ಕೂರುತ್ತದೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಜೊತೆಗೆ ಬಟ್ಟಲಿನ ಲೆಕ್ಕ ಮಾಡಿ. ಗುರಿ ಇಷ್ಟೇ: ಇಡೀ ಊಟದಲ್ಲಿ ಕ್ಯಾಲ್ಸಿಯಂ ಫಾಸ್ಫರಸ್‌ಗಿಂತ ಹೆಚ್ಚಿರಬೇಕು. ಎರಡಕ್ಕೆ ಒಂದು ಇದ್ದರೆ ಬಹಳ ಒಳ್ಳೆಯದು.

100 ಗ್ರಾಮಿಗೆ ಸುಮಾರು ಎಷ್ಟು ಮಿಲಿಗ್ರಾಂ ಅಂತ ನೋಡಿ. ಮೊದಲ ಅಂಕಿ ಕ್ಯಾಲ್ಸಿಯಂ, ಎರಡನೆಯದು ಫಾಸ್ಫರಸ್.

- ಕಿತ್ತಳೆ: 40, 14
- ತಾಜಾ ಅಂಜೂರ: 35, 14
- ಪರಂಗಿ ಹಣ್ಣು: 20, 10
- ಸಪೋಟ: 21, 12
- ಕೊತ್ತಂಬರಿ ಸೊಪ್ಪು: 67, 48
- ಹುರುಳಿಕಾಯಿ: 37, 38
- ಕ್ಯಾರೆಟ್: 33, 35
- ಸೀಮೆಬದನೆ: 17, 18
- ಮಾವು: 11, 14
- ಗೆಣಸು: 30, 47
- ಸಿಹಿಗುಂಬಳ: 21, 44
- ಸೀಬೆ: 18, 40
- ಬಾಳೆಹಣ್ಣು: 5, 22
- ಹಸಿ ಬಟಾಣಿ: 25, 108
- ಸ್ವೀಟ್ ಕಾರ್ನ್: 2, 89

ಒಂದು ಬಟ್ಟಲನ್ನೇ ತೆಗೆದುಕೊಳ್ಳೋಣ. ಹತ್ತು ಗ್ರಾಂ ಬಾಳೆಹಣ್ಣು, ಹತ್ತು ಗ್ರಾಂ ಸ್ವೀಟ್ ಕಾರ್ನ್. ಗ್ಲೈಡರ್‌ಗೆ ಎರಡೂ ಇಷ್ಟ, ಮನೆಯಲ್ಲೂ ಸುಲಭವಾಗಿ ಸಿಗುತ್ತವೆ. ಕ್ಯಾಲ್ಸಿಯಂ ಒಟ್ಟು 0.7 ಮಿಲಿಗ್ರಾಂ, ಫಾಸ್ಫರಸ್ 11.1. ಅಂದರೆ ಒಂದಕ್ಕೆ ಹದಿನಾರು, ಅದೂ ತಲೆಕೆಳಗಾಗಿ. ಅದರ ಬದಲು ಹತ್ತು ಗ್ರಾಂ ಪರಂಗಿ, ಹತ್ತು ಗ್ರಾಂ ಹುರುಳಿಕಾಯಿ ಇಡಿ. ಕ್ಯಾಲ್ಸಿಯಂ 5.7, ಫಾಸ್ಫರಸ್ 4.8. ತೂಕ ಅದೇ, ತಾಟು ತುಂಬಿರುವುದೂ ಅಷ್ಟೇ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಹುಳ, ಬೇಯಿಸಿದ ಕೋಳಿ, ಮೊಟ್ಟೆ, ಇವೆಲ್ಲ ಪ್ರೋಟೀನಿಗೆ ಬೇಕೇ ಬೇಕು. ಆದರೆ ಇವುಗಳಲ್ಲೂ ಫಾಸ್ಫರಸ್ಸೇ ಹೆಚ್ಚು. ಬೇಯಿಸಿದ ಮೊಟ್ಟೆಯಲ್ಲಿ 50ಕ್ಕೆ 172. ಮೀಲ್‌ವರ್ಮ್ (ಸಾಕುಪ್ರಾಣಿಗಳಿಗೆಂದು ಮಾರುವ ಜೀರುಂಡೆಯ ಮರಿಹುಳ) ಇನ್ನೂ ಕೆಟ್ಟದ್ದು. ಹಾಗಾಗಿ ಹಣ್ಣು ತರಕಾರಿ ಎಷ್ಟೇ ಜಾಣತನದಿಂದ ಆರಿಸಿದರೂ ಫಾಸ್ಫರಸ್ ಇಲ್ಲದ ಕ್ಯಾಲ್ಸಿಯಂ ಪುಡಿ ಮತ್ತು ವಿಟಮಿನ್ ಡಿ3 ಹೊರಗಿನಿಂದ ಸೇರಲೇಬೇಕು. ಎಷ್ಟು ಅನ್ನುವುದು ನೀವು ಅನುಸರಿಸುವ ಊಟದ ಪದ್ಧತಿಯ ಮೇಲೆ ಹೋಗುತ್ತದೆ. ಡಿ3 ಜಾಸ್ತಿಯಾದರೆ ಅದೂ ವಿಷವೇ. ಆದ್ದರಿಂದ ಡಾಕ್ಟರ್ ಹೇಳಿದ ಅಳತೆ ಮೀರಬೇಡಿ. ಹುಳಗಳಿಗೆ ಪುಡಿ ಸವರಿ ಕೊಡಿ. ಕೊಡುವ ಒಂದೆರಡು ದಿನ ಮೊದಲು ಆ ಹುಳಗಳಿಗೇ ಒಳ್ಳೆಯ ಮೇವು ಹಾಕಿಟ್ಟರೆ ಇನ್ನೂ ಉತ್ತಮ.

ಪಾಲಕ್ ಬಗ್ಗೆ ಒಂದು ಮಾತು. ಪಟ್ಟಿಯಲ್ಲಿ ನೋಡಿದರೆ ಕ್ಯಾಲ್ಸಿಯಂ ಧಾರಾಳ. ಆದರೆ ಅದರಲ್ಲಿರುವ ಆಕ್ಸಲೇಟ್ ಆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಮೈಗೆ ಹತ್ತುವುದಿಲ್ಲ. ದಂಟು, ಹರಿವೆ, ಬೀಟ್‌ರೂಟ್ ಸೊಪ್ಪು ಕೂಡ ಅದೇ ಗುಂಪು. ಸೊಪ್ಪು ಕೊಡಬೇಕು ಅನ್ನಿಸಿದರೆ ಕೊತ್ತಂಬರಿ ಒಂದೆರಡು ಎಸಳು ಸಾಕು.

ಲಕ್ಷಣ: ಮಲ ತೆಳುವಾಗಿದೆ, ವಾಸನೆ ಜೋರಾಗಿದೆ

ಆರೋಗ್ಯವಾಗಿರುವ ಗ್ಲೈಡರ್ ಮಲ ಸಣ್ಣ, ಕಂದು, ಗಟ್ಟಿ ಕಾಳಿನ ಹಾಗಿರುತ್ತದೆ. ಚೀಲದ ಬಟ್ಟೆ ಒದ್ದೆಯಾಗಿ ಕಲೆ ಬಿದ್ದಿದ್ದರೆ, ಬಾಲದ ಬುಡಕ್ಕೆ ಅಂಟಿದ್ದರೆ ಭೇದಿ.

ಮೊದಲು ನೀರು, ಚೈತನ್ಯ ನೋಡಿ. ಭುಜದ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ. ಕೂಡಲೇ ಮೊದಲಿನಂತಾಗಬೇಕು. ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ, ಇಲ್ಲಿಗೆ ಮನೆಯ ಪರೀಕ್ಷೆ ನಿಲ್ಲಿಸಿ ಹೊರಡಿ. ಚರ್ಮ ಸರಿಯಾಗಿದ್ದು ಪ್ರಾಣಿ ಓಡಾಡಿಕೊಂಡಿದ್ದರೆ ನಿಮಗೆ ಒಂದು ದಿನ ಇದೆ.

ಆ ಒಂದು ದಿನದಲ್ಲಿ ಹಿಂದಿನ ಎರಡು ರಾತ್ರಿಯ ಊಟ ನೆನಪಿಸಿಕೊಳ್ಳಿ. ಕಲ್ಲಂಗಡಿ, ಕರಬೂಜದಂಥ ನೀರಿನ ಹಣ್ಣು ಜಾಸ್ತಿಯಾಯಿತಾ? ಹೊಸ ಹಣ್ಣು ಒಮ್ಮೆಲೇ ಕೊಟ್ಟಿರಾ? ಯಾರಾದರೂ ಪ್ರೀತಿಗೆ ಹಾಲು ಕುಡಿಸಿದರಾ? ಹಾಲಿನ ಸಕ್ಕರೆ ಇದಕ್ಕೆ ಜೀರ್ಣವಾಗುವುದಿಲ್ಲ. ಬೇಸಿಗೆಯಲ್ಲಿ ಸಂಜೆ ಇಟ್ಟ ಊಟ ಬೆಳಗ್ಗೆ ತನಕ ಹುಳಿ ಬಂತಾ? ಜೇನು, ಮೊಟ್ಟೆ ಇರುವ ಮಿಶ್ರಣ ಸೆಕೆಯಲ್ಲಿ ಬಹಳ ಬೇಗ ಕೆಡುತ್ತದೆ. ರಾತ್ರಿ ತಡವಾಗಿ ಇಡಿ, ಬೆಳಗ್ಗೆ ಎದ್ದ ಕೂಡಲೇ ತೆಗೆಯಿರಿ, ಬಟ್ಟಲು ಬಿಸಿನೀರಿನಲ್ಲಿ ತೊಳೆಯಿರಿ. ಕಾರಣ ಇವುಗಳಲ್ಲಿ ಒಂದಾಗಿದ್ದರೆ, ಅದನ್ನು ನಿಲ್ಲಿಸಿದ ಮರುದಿನವೇ ಮಲ ಗಟ್ಟಿಯಾಗತೊಡಗುತ್ತದೆ.

ಆಗಲಿಲ್ಲ ಅಂದರೆ ಊಟವನ್ನು ದೂರಿ ಪ್ರಯೋಜನವಿಲ್ಲ. ಜಿಯಾರ್ಡಿಯಾದಂಥ ಪರಾವಲಂಬಿ, ಬ್ಯಾಕ್ಟೀರಿಯಾ ಸೋಂಕು ಇರಬಹುದು. ತಾಜಾ ಮಲವನ್ನು ಸಣ್ಣ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಡಾಕ್ಟರ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಂಥ ಕೆಲವು ಪರಾವಲಂಬಿಗಳು ಮನುಷ್ಯರಿಗೂ ದಾಟಬಲ್ಲವು. ಪಂಜರ ಮುಟ್ಟಿದ ಮೇಲೆ ಮಕ್ಕಳ ಕೈ ಸೋಪು ಹಾಕಿ ತೊಳೆಸಿ. ಮನುಷ್ಯರಿಗೆ ಕೊಡುವ ಭೇದಿ ಮಾತ್ರೆಯ ಚೂರು ಕೂಡ ಇದಕ್ಕೆ ಕೊಡಬೇಡಿ.

ಲಕ್ಷಣ: ಊಟ ಬಿಟ್ಟಿದೆ, ತೂಕ ಇಳಿಯುತ್ತಿದೆ

ಮೊದಲ ಪರೀಕ್ಷೆ ನೀರಿನ ಬಾಟಲಿ. ಕೊಳವೆಯ ತುದಿಯ ಗುಂಡು ಸಿಕ್ಕಿಹಾಕಿಕೊಂಡರೆ ಬಾಟಲಿ ತುಂಬಿಯೇ ಇರುತ್ತದೆ, ಪ್ರಾಣಿಗೆ ಹನಿಯೂ ಸಿಗುವುದಿಲ್ಲ. ಬೆರಳಿನಿಂದ ಒತ್ತಿ ನೋಡಿ. ಬಾಯಾರಿದ ಗ್ಲೈಡರ್ ಊಟವನ್ನೂ ಬಿಡುತ್ತದೆ.

ಎರಡನೆಯದು ಚಳಿ. 24ರಿಂದ 27 ಡಿಗ್ರಿ ಇದಕ್ಕೆ ಹಿತ. ಬೆಂಗಳೂರಿನ ಡಿಸೆಂಬರ್ ರಾತ್ರಿ ಕಿಟಕಿ ಪಕ್ಕದ ಪಂಜರ ಇದಕ್ಕಿಂತ ಬಹಳ ತಣ್ಣಗಾಗುತ್ತದೆ. ಅಮೆರಿಕದಲ್ಲೋ ಯುರೋಪಿನಲ್ಲೋ ಇರುವವರ ಮನೆಯಲ್ಲಿ ರಾತ್ರಿ ಹೀಟರ್ ಇಳಿಸಿದರೂ ಇದೇ ಕಥೆ. ಚಳಿ ಮತ್ತು ಹಸಿವು ಸೇರಿದರೆ ಗ್ಲೈಡರ್ ಮೈ ತಣ್ಣಗಾಗಿಸಿಕೊಂಡು ಜಡವಾಗಿ ಬಿದ್ದುಕೊಳ್ಳುತ್ತದೆ. ಕಾಡಿನಲ್ಲಿ ಅದು ಶಕ್ತಿ ಉಳಿಸುವ ಉಪಾಯ. ಮನೆಯಲ್ಲಿ ಕಂಡರೆ ಹುಷಾರಾಗಬೇಕು. ನಿಮ್ಮ ಮೈಗೆ ಒತ್ತಿಕೊಂಡು, ಬಟ್ಟೆಯ ಒಳಗೆ ನಿಧಾನವಾಗಿ ಬೆಚ್ಚಗಾಗಿಸಿ. ಹೇರ್ ಡ್ರೈಯರ್, ಬಿಸಿನೀರು ಬೇಡ. ಪೂರ್ತಿ ಎಚ್ಚರವಾಗಿ ತಲೆ ಎತ್ತಿದ ಮೇಲೆ ಮಾತ್ರ ಜೇನು ಬೆರೆಸಿದ ನೀರನ್ನು ಹನಿ ಹನಿಯಾಗಿ ನೆಕ್ಕಿಸಿ. ಜಡವಾಗಿರುವಾಗ ಬಾಯಿಗೆ ಏನು ಹಾಕಿದರೂ ಶ್ವಾಸಕೋಶಕ್ಕೆ ಹೋಗುತ್ತದೆ. ಬೆಚ್ಚಗಾದ ಮೇಲೂ ಏಳದಿದ್ದರೆ ಅದು ಚಳಿಯ ಜಡತೆ ಅಲ್ಲ, ಡಾಕ್ಟರ್ ಹತ್ತಿರ ಓಡಿ.

ಮೂರನೆಯದು ಬಾಯಿ. ಬಟ್ಟಲ ಹತ್ತಿರ ಆಸೆಯಿಂದ ಬರುತ್ತದೆ, ಒಂದು ಚೂರು ಹಿಡಿಯುತ್ತದೆ, ಬಿಟ್ಟುಬಿಡುತ್ತದೆ. ಒಂದೇ ಪಕ್ಕದಲ್ಲಿ ಅಗಿಯುತ್ತದೆ. ಗಲ್ಲ ಒಂದು ಕಡೆ ಊದಿದೆ. ಇವು ಹಲ್ಲುನೋವಿನ ಗುರುತು. ಬರೀ ಮೆತ್ತಗಿನ ಸಿಹಿ ಊಟ ತಿಂದು ಬೆಳೆದ ಗ್ಲೈಡರ್‌ಗಳಲ್ಲಿ ಹಲ್ಲಿನ ಮೇಲೆ ಪಾಚಿ ಕಟ್ಟಿ, ವಸಡು ಕೆಟ್ಟು, ಬೇರಿನಲ್ಲಿ ಕೀವು ತುಂಬುತ್ತದೆ. ಗಟ್ಟಿ ಚಿಪ್ಪಿನ ಹುಳಗಳು ಹಲ್ಲನ್ನು ಸ್ವಲ್ಪ ಮಟ್ಟಿಗೆ ಉಜ್ಜುತ್ತವೆ, ಅವನ್ನು ಊಟದಲ್ಲಿಡಲು ಇದೂ ಒಂದು ಕಾರಣ.

ಹಲ್ಲಿನ ಮಾತು ಬಂದಿದ್ದಕ್ಕೆ ಬಹಳ ಮುಖ್ಯವಾದದ್ದು ಹೇಳಿಬಿಡುತ್ತೇನೆ. ಇದರ ಕೆಳಗಿನ ಮುಂದಿನ ಎರಡು ಹಲ್ಲು ಉದ್ದವಾಗಿ ಮುಂದಕ್ಕೆ ಚಾಚಿರುತ್ತವೆ. ಅದು ಹುಟ್ಟಿನಿಂದಲೇ ಹಾಗೆ, ಮರದ ತೊಗಟೆ ಕೆರೆಯಲು. ನಮ್ಮ ಮಲೆನಾಡಿನ ಹಾರುಬೆಕ್ಕು ನೋಡಲು ಹೀಗೇ ಇದ್ದರೂ ಅದು ಅಳಿಲಿನ ಜಾತಿ, ಅದರ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ. ಗ್ಲೈಡರ್ ಕಾಂಗರೂ ಕಡೆಯ ನೆಂಟ, ಹೊಟ್ಟೆಚೀಲದ ಪ್ರಾಣಿ. ಅದರ ಹಲ್ಲು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಯಾರಾದರೂ "ಹಲ್ಲು ಬೆಳೆದಿದೆ, ಕತ್ತರಿಸೋಣ" ಅಂದರೆ ಪ್ರಾಣಿಯನ್ನು ವಾಪಸ್ ತೆಗೆದುಕೊಂಡು ಬೇರೆ ಡಾಕ್ಟರ್ ಹತ್ತಿರ ಹೋಗಿ.

ಲಕ್ಷಣ: ದಪ್ಪಗಾಗುತ್ತಿದೆ, ಹಾರಲು ಸೋಮಾರಿತನ

ತೂಕದ ಪುಸ್ತಕ ತೆಗೆದು ನೋಡಿ. ಏರುತ್ತಲೇ ಇದ್ದರೆ ಕಡ್ಲೆಕಾಯಿ, ಗೋಡಂಬಿ, ಸೂರ್ಯಕಾಂತಿ ಬೀಜ, ಮೀಲ್‌ವರ್ಮ್, ಬಿಸ್ಕೆಟ್, ಇವು ದಿನಕ್ಕೆ ಎಷ್ಟು ಹೋಗುತ್ತಿವೆ ಅಂತ ಮನೆಯವರನ್ನೆಲ್ಲ ಕೇಳಿ. ಸಾಮಾನ್ಯವಾಗಿ ಒಬ್ಬೊಬ್ಬರೂ "ನಾನು ಒಂದೇ ಕೊಟ್ಟೆ" ಅನ್ನುತ್ತಾರೆ, ಐದು ಜನರಿಗೆ ಐದಾಗುತ್ತದೆ. ತಿಂಡಿ ಕೊಡುವ ಕೆಲಸ ಒಬ್ಬರಿಗೇ ಬಿಡಿ. ಊಟ ಒಮ್ಮೆಲೇ ಅರ್ಧ ಮಾಡಬೇಡಿ. ಮೊದಲು ಕೊಬ್ಬಿನ ತಿಂಡಿ ನಿಲ್ಲಿಸಿ, ಪಂಜರದಿಂದ ಹೊರಗೆ ಆಡುವ ಹೊತ್ತು ಹೆಚ್ಚಿಸಿ. ತಾಯಿ ಗ್ಲೈಡರ್‌ಗೆ ಕೊಬ್ಬು ಜಾಸ್ತಿ ಕೊಟ್ಟರೆ ಮರಿಗಳ ಕಣ್ಣಿನಲ್ಲಿ ಬಿಳಿ ಚುಕ್ಕೆ ಕಾಣಿಸಿಕೊಳ್ಳಬಹುದು. ಕಂಡರೆ ಡಾಕ್ಟರಿಗೆ ತೋರಿಸಿ.

ಲಕ್ಷಣ: ಕೂದಲು ಉದುರಿದೆ

ಗಂಡಿನ ನೆತ್ತಿಯ ಮೇಲೆ ಮಾತ್ರ ಬೋಳು ಜಾಗ ಇದ್ದರೆ ಅದು ವಾಸನೆಯ ಗ್ರಂಥಿ. ಪ್ರಾಯಕ್ಕೆ ಬಂದ ಗಂಡಿಗೆ ಅದು ಇದ್ದೇ ಇರುತ್ತದೆ, ಎದೆಯ ಮೇಲೂ ಒಂದಿರುತ್ತದೆ. ಔಷಧಿ ಹಚ್ಚಬೇಡಿ.

ಬಾಲ, ಕಾಲು, ಹೊಟ್ಟೆಯಲ್ಲಿ ಕೂದಲು ಕಿತ್ತಂತಿದ್ದರೆ ಅದು ತಾನೇ ಕಿತ್ತುಕೊಳ್ಳುತ್ತಿರಬಹುದು. ಇದಕ್ಕೆ ಊಟಕ್ಕಿಂತ ಒಂಟಿತನ ದೊಡ್ಡ ಕಾರಣ. ಇವು ಗುಂಪಿನಲ್ಲಿ ಬಾಳುವ ಪ್ರಾಣಿಗಳು. ಒಂದನ್ನೇ ಸಾಕಿದರೆ ಎಷ್ಟು ಒಳ್ಳೆಯ ಬಟ್ಟಲು ಇಟ್ಟರೂ ಕೊರಗು ಹೋಗುವುದಿಲ್ಲ. ಗಾಯ ಆಗಿದ್ದರೆ, ಬಾಲ ಕಚ್ಚಿಕೊಳ್ಳುತ್ತಿದ್ದರೆ ಅದೇ ದಿನ ಡಾಕ್ಟರ್. ಗಾಯವಿಲ್ಲದೆ ಕೂದಲು ಎಲ್ಲಾ ಕಡೆ ತೆಳುವಾಗಿ, ಹೊಳಪು ಹೋಗಿ, ತೂಕವೂ ಇಳಿದಿದ್ದರೆ ಮಾತ್ರ ಪ್ರೋಟೀನ್ ಕೊರತೆಯ ಕಡೆ ನೋಡಿ.

ಊಟ ಸರಿಪಡಿಸುವಾಗ ಎಡವುವ ಜಾಗ

ತೊಂದರೆ ಕಂಡ ಮೇಲೆ ಎಲ್ಲರೂ ಹುಡುಕುವುದು "ಸರಿಯಾದ ಊಟ ಯಾವುದು" ಅಂತ. ಹೆಸರಾದ ಪದ್ಧತಿಗಳು ಹಲವು ಇವೆ: ಲೆಡ್‌ಬೀಟರ್ ಮಿಶ್ರಣ, ಬಿಎಂಎಲ್ (ಲೆಡ್‌ಬೀಟರ್ ಮಿಶ್ರಣದ್ದೇ ಬದಲಿಸಿದ ರೂಪ), ಎಚ್‌ಪಿಡಬ್ಲ್ಯು (ಹೈ ಪ್ರೋಟೀನ್ ವೊಂಬರೂ ಅನ್ನುವ ಪುಡಿಯಿಂದ ಮಾಡುವುದು). ಲೆಡ್‌ಬೀಟರ್ ಮಿಶ್ರಣಕ್ಕೆ 150 ಮಿಲಿಲೀಟರ್ ಬೆಚ್ಚನೆ ನೀರು, 150 ಮಿಲಿಲೀಟರ್ ಜೇನು, ಒಂದು ಬೇಯಿಸಿದ ಮೊಟ್ಟೆ, 25 ಗ್ರಾಂ ಹೆಚ್ಚು ಪ್ರೋಟೀನಿನ ಮಕ್ಕಳ ಸೀರಿಯಲ್, ಒಂದು ಟೀ ಚಮಚ ವಿಟಮಿನ್-ಖನಿಜದ ಪುಡಿ. ಇದನ್ನು ತಿರುವಿ ಫ್ರಿಜ್ಜಿನಲ್ಲಿಡುತ್ತಾರೆ. ಇದರ ಜೊತೆಗೆ ಹುಳದ ಪ್ರೋಟೀನ್, ಸ್ವಲ್ಪವೇ ಹಣ್ಣು ತರಕಾರಿ.

ಪ್ರತಿ ಪದ್ಧತಿಯಲ್ಲೂ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು ಅನ್ನುವ ಲೆಕ್ಕ ಬೇರೆ. ಒಂದರಲ್ಲಿ ಮಿಶ್ರಣದೊಳಗೇ ಪುಡಿ ಸೇರಿರುತ್ತದೆ, ಇನ್ನೊಂದರಲ್ಲಿ ಯಾವ ತರಕಾರಿ ಯಾವ ದಿನ ಅನ್ನುವುದೂ ಬರೆದಿರುತ್ತದೆ. ಒಂದರ ಮಿಶ್ರಣ, ಇನ್ನೊಂದರ ಹಣ್ಣಿನ ಪಟ್ಟಿ, ಮೂರನೆಯದರ ವಿಟಮಿನ್ ಅಂತ ಕಲಸಿದರೆ ಲೆಕ್ಕ ಹಳಿ ತಪ್ಪುತ್ತದೆ. ನನಗೆ ಇದು ಬಾಳೆಹಣ್ಣಿಗಿಂತ ದೊಡ್ಡ ಅಪಾಯ ಅನ್ನಿಸುತ್ತದೆ. ಯಾಕಂದರೆ ಇಲ್ಲಿ ಸಾಕುವವರು "ನಾವು ಎಲ್ಲಾ ಸರಿ ಮಾಡ್ತಿದ್ದೇವೆ" ಅಂತ ನಂಬಿರುತ್ತಾರೆ. ಡಾಕ್ಟರ್ ಒಪ್ಪಿದ ಒಂದು ಪದ್ಧತಿ ಹಿಡಿಯಿರಿ, ಪೂರ್ತಿ ಹಿಡಿಯಿರಿ. ಅದರಲ್ಲಿ ಹೇಳಿದ ಸಾಮಾನು ನಿಮ್ಮ ಊರಿನಲ್ಲಿ ಸಿಗದಿದ್ದರೆ ಬದಲಿಗೆ ಏನು ಅಂತ ಅವರನ್ನೇ ಕೇಳಿ. ಹಳೆಯ ಊಟದಿಂದ ಹೊಸದಕ್ಕೆ ಎರಡು ಮೂರು ವಾರ ತೆಗೆದುಕೊಂಡು ಬದಲಿಸಿ.

ಅಂಟಿನುಂಡೆಗೆ ಹಾಕುವ ಅಂಟು ನೆನಪಿದೆಯಾ? ಅಕೇಶಿಯಾ ಜಾತಿಯ ಮರದ ಅಂಟು ಗ್ಲೈಡರ್‌ಗೆ ಕಾಡಿನ ಊಟಕ್ಕೆ ಹತ್ತಿರದ್ದು. ಅದನ್ನು ಅರಗಿಸಲೆಂದೇ ಅದರ ಕರುಳಿನಲ್ಲಿ ದೊಡ್ಡ ಸೀಕಮ್ (ಚೀಲದಂಥ ಭಾಗ) ಇದೆ. ಬೇರೇನೂ ಬೆರೆಸದ, ತಿನ್ನಲೆಂದೇ ಮಾರುವ ಅಕೇಶಿಯಾ ಅಂಟು ಸಿಕ್ಕರೆ ಚೂರು ನೆನೆಸಿ ಕೊಂಬೆಗೆ ಸವರಿ. ತುಪ್ಪದಲ್ಲಿ ಹುರಿದದ್ದು, ಬೆಲ್ಲ ಹಾಕಿದ್ದು ಖಂಡಿತಾ ಬೇಡ.

ಕೊಡಲೇಬಾರದ್ದು: ಚಾಕೊಲೇಟ್, ಕಾಫಿ, ಟೀ, ಬೆಣ್ಣೆಹಣ್ಣು, ಈರುಳ್ಳಿ, ಬೆಳ್ಳುಳ್ಳಿ, ಸೇಬಿನ ಬೀಜ, ಮಾವು-ಪೀಚ್‌ನಂಥ ಹಣ್ಣಿನ ಓಟೆ, ಉಪ್ಪು ಒಗ್ಗರಣೆ ಹಾಕಿದ ಮನೆಯಡುಗೆ, ಡಬ್ಬಿಯ ಹಣ್ಣು. ತೋಟದಲ್ಲಿ, ಮನೆ ಗೋಡೆಯಲ್ಲಿ ಹಿಡಿದ ಹುಳವೂ ಬೇಡ. ಯಾರೋ ಎಲ್ಲೋ ಹೊಡೆದ ಕೀಟನಾಶಕ ಅದರ ಮೈಯಲ್ಲಿರುತ್ತದೆ. ಮಿಂಚುಹುಳ ಸ್ವತಃ ವಿಷ. ಹಣ್ಣು ತರಕಾರಿ ಚೆನ್ನಾಗಿ ತೊಳೆಯಿರಿ, ಸಿಪ್ಪೆ ತೆಗೆಯಬಹುದಾದದ್ದರ ಸಿಪ್ಪೆ ತೆಗೆಯಿರಿ.

ಡಾಕ್ಟರ್ ಹತ್ತಿರ ಹೋಗುವಾಗ

ತೂಕದ ಪುಸ್ತಕ, ಹಿಂದಿನ ಒಂದು ವಾರದ ಊಟದ ಪಟ್ಟಿ, ಬಳಸುವ ವಿಟಮಿನ್ ಪುಡಿಯ ಡಬ್ಬಿ (ಹಿಂಬದಿಯ ಚೀಟಿಯಲ್ಲಿ ಡಿ3 ಎಷ್ಟಿದೆ ಅಂತ ಅವರಿಗೆ ಬೇಕು), ಆ ದಿನದ ಮಲ, ನಡಿಗೆಯಲ್ಲಿ ತೊಂದರೆಯಿದ್ದರೆ ಫೋನಿನಲ್ಲಿ ತೆಗೆದ ವಿಡಿಯೋ. ಕ್ಲಿನಿಕ್ಕಿನಲ್ಲಿ ಹೆದರಿದ ಗ್ಲೈಡರ್ ಕುಂಟುವುದನ್ನೂ ಮುಚ್ಚಿಡುತ್ತದೆ, ವಿಡಿಯೋ ಆಗ ಸಹಾಯಕ್ಕೆ ಬರುತ್ತದೆ. ಜೋಡಿ ಗ್ಲೈಡರ್ ಇದ್ದರೆ ಎರಡನ್ನೂ ಒಂದೇ ಚೀಲದಲ್ಲಿ ಕರೆದುಕೊಂಡು ಹೋಗಿ. ಒಂದೇ ಬಟ್ಟಲಿನಿಂದ ತಿಂದಿದ್ದರಿಂದ ಎರಡನೆಯದರ ಎಕ್ಸ್‌ರೇ ಕೂಡ ತೆಗೆಸಬೇಕಾ ಅಂತ ಕೇಳಿ. ಅದಕ್ಕಿನ್ನೂ ಲಕ್ಷಣ ಕಾಣಿಸಿಕೊಂಡಿಲ್ಲದಿದ್ದರೂ ಸರಿ.